ಒಳ್ಳೇದು ಮಾಡಿದ್ರೆ ಒಳ್ಳೇದೇ ಆಗುತ್ತಾ? ಡಾ. ಕ್ಯಾಬಟ್ ಹಾಕಿದ ಲೆಕ್ಕ

ಯೋಜನೆ ಘೋಷಣೆಯಾದಾಗ ಎಷ್ಟು ಕೋಟಿ, ಎಷ್ಟು ಫಲಾನುಭವಿಗಳು ಅಂತ ಕೇಳ್ತೀವಿ. ಮೂವತ್ತು ವರ್ಷದ ನಂತರ ಅವರ ಬದುಕು ಏನಾಯ್ತು ಅಂತ ಕೇಳೋರು ಕಡಿಮೆ. ಅದಕ್ಕೇ ನನಗೆ ರಿಚರ್ಡ್ ಕ್ಯಾಬಟ್ ಇಷ್ಟ.

1868ರಲ್ಲಿ ಬಾಸ್ಟನ್ ಪಕ್ಕದ ಬ್ರೂಕ್‌ಲೈನ್‌ನ ಸಿರಿವಂತ ಮನೆಯಲ್ಲಿ ಹುಟ್ಟಿದ ಡಾಕ್ಟರ್. ರೋಗಿಯ ಮನೆ ಪರಿಸ್ಥಿತಿ ತಿಳಿಯದೆ ಔಷಧಿ ಬರೆದು ಏನು ಬಂತು ಅಂತ 1905ರಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ಸಮಾಜ ಕಾರ್ಯಕರ್ತೆಯನ್ನು ತಂದರು. ಆಸ್ಪತ್ರೆ ದುಡ್ಡು ಕೊಡಲಿಲ್ಲ, ತಮ್ಮ ಜೇಬಿಂದ ಹಾಕಿದರು.

ಕೊನೆಯ ಕೆಲಸ ಕೇಂಬ್ರಿಡ್ಜ್-ಸಾಮರ್‌ವಿಲ್ ಅಧ್ಯಯನ. 506 ಹುಡುಗರು. ಒಂದೇ ತರಹದ ಇಬ್ಬಿಬ್ಬರನ್ನು ಜೋಡಿ ಮಾಡಿ, ನಾಣ್ಯ ಚಿಮ್ಮಿ, ಒಬ್ಬನಿಗೆ ಮಾತ್ರ ನೆರವು: ಮನೆಗೇ ಬರುವ ಸಲಹೆಗಾರ, ಪಾಠ, ಚಿಕಿತ್ಸೆ, ಬೇಸಿಗೆ ಶಿಬಿರ. ಕ್ರೂರ ಅನ್ನಿಸಬಹುದು. ಇಂಜಿನಿಯರಿಂಗ್ ಓದಿದ ನನಗೆ ಮಾತ್ರ, ಹೋಲಿಸೋಕೆ ಇನ್ನೊಂದು ಗುಂಪಿಲ್ಲದಿದ್ರೆ ಅದು ಪರೀಕ್ಷೆಯೇ ಅಲ್ಲ. ನೆರವು 1939ರಿಂದ 1945ರವರೆಗೆ ನಡೀತು. ಕ್ಯಾಬಟ್ 1939ರಲ್ಲೇ ತೀರಿಕೊಂಡರು.

ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಆ ಹುಡುಗರನ್ನು ಮತ್ತೆ ಹುಡುಕಿ 1978ರಲ್ಲಿ ಫಲಿತಾಂಶ ಪ್ರಕಟಿಸಿದರು. ನೆರವು ಪಡೆದವರಲ್ಲಿ ಮೂರನೇ ಎರಡರಷ್ಟು ಮಂದಿ ತಮಗೆ ಒಳ್ಳೇದಾಯ್ತು ಅಂದಿದ್ರು. ದಾಖಲೆಗಳ ಕಥೆ ಬೇರೆ. ಅಪರಾಧ ಕಡಿಮೆಯಾಗಿರಲಿಲ್ಲ, ಕುಡಿತದ ಚಟ, ಗಂಭೀರ ಮಾನಸಿಕ ಕಾಯಿಲೆ, ಬೇಗ ಸಾವು ಇವೆಲ್ಲ ನೆರವು ಸಿಕ್ಕವರಲ್ಲೇ ಹೆಚ್ಚು. ನಾಣ್ಯ ಚಿಮ್ಮದೇ ಇದ್ದಿದ್ರೆ ಇದನ್ನು ಯಶಸ್ವಿ ಯೋಜನೆ ಅಂತಲೇ ನಂಬಿಬಿಡ್ತಿದ್ರು. ಶಿಬಿರಗಳಲ್ಲಿ ಹುಡುಗರು ಒಬ್ಬರಿಂದೊಬ್ಬರು ಪುಂಡಾಟಿಕೆ ಕಲಿತಿರಬಹುದು ಅನ್ನೋದು ಆಮೇಲೆ ಬಂದ ಒಂದು ವಿವರಣೆ.