ಕಳ್ಳ ಹುಡುಗರು ಮಾಡಿದ ಕ್ಯಾಮೆರಾ

ಹಳೇ ಕ್ಯಾಮೆರಾಗಳ ಹುಚ್ಚಿರುವವರಿಗೆ ‘ಫೆಡ್’ ಎಂಬ ಹೆಸರು ಗೊತ್ತಿರುತ್ತದೆ. ನೋಡಲು ಥೇಟ್ ಜರ್ಮನಿಯ ಲೈಕಾ. ಎಷ್ಟರಮಟ್ಟಿಗೆ ಎಂದರೆ, ಫೆಡ್ ಹೆಸರನ್ನು ಉಜ್ಜಿ ತೆಗೆದು ಲೈಕಾ ಎಂದು ಕೆತ್ತಿ ಮಾರಿದವರೂ ಇದ್ದಾರೆ. ಮೆಕ್ಯಾನಿಕಲ್ ಬ್ರಾಂಚಿನ ನನಗೆ ಮೊದಲು ಕುತೂಹಲ ಹುಟ್ಟಿಸಿದ್ದು ಅದರ ಷಟರ್. ಅದನ್ನು ಮಾಡಿದವರು ಯಾರೆಂದು ತಿಳಿದ ಮೇಲೆ ಷಟರ್ ಮರೆತೇ ಹೋಯಿತು. 1930ರ ದಶಕದಲ್ಲಿ ಆ ಕ್ಯಾಮೆರಾ ತಯಾರಿಸಿದ್ದು ಉಕ್ರೇನಿನ ಖಾರ್ಕಿವ್ ನಗರದ ಹದಿಹರೆಯದ ಹುಡುಗ ಹುಡುಗಿಯರು. ಹೌದು, ನಮ್ಮ ರಾಜ್ಯದ ಎಷ್ಟೋ ಮಂದಿ ಮೆಡಿಕಲ್ ಓದಲು ಹೋಗಿದ್ದ, 2022ರ ಯುದ್ಧದಲ್ಲಿ ನಾವೆಲ್ಲ ಹೆಸರು ಕೇಳಿದ ಅದೇ ಖಾರ್ಕಿವ್. ಆ ಮಕ್ಕಳಲ್ಲಿ ಬಹಳಷ್ಟು ಜನ ಬೀದಿಯಲ್ಲಿ ಮಲಗಿ, ಜೇಬು ಕತ್ತರಿಸಿ ಬೆಳೆದವರು. ಅವರನ್ನು ಲೇತ್ ಮುಂದೆ ತಂದು ನಿಲ್ಲಿಸಿದ ಮೇಷ್ಟ್ರು ಆಂಟನ್ ಮಕರೆಂಕೊ.

ಮಕರೆಂಕೊ ಹುಟ್ಟಿದ್ದು 1888ರಲ್ಲಿ, ಉಕ್ರೇನಿನ ಬಿಲೋಪಿಲ್ಯಾ ಎಂಬ ಸಣ್ಣ ಪಟ್ಟಣದಲ್ಲಿ. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಬಣ್ಣ ಬಳಿಯುವ ಕೆಲಸಗಾರ. ಮಗ ಹದಿನೇಳಕ್ಕೇ ರೈಲ್ವೆ ಕಾರ್ಮಿಕರ ಮಕ್ಕಳ ಶಾಲೆಯಲ್ಲಿ ಮೇಷ್ಟ್ರಾದರು. ಸುಮಾರು ಒಂಬತ್ತು ವರ್ಷ ಪಾಠ ಮಾಡಿದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ ಪೋಲ್ಟಾವಾದ ಶಿಕ್ಷಕರ ಸಂಸ್ಥೆ ಸೇರಿ, 1917ರಲ್ಲಿ ಚಿನ್ನದ ಪದಕದೊಂದಿಗೆ ಹೊರಬಂದರು. ಕಾಲ ನೆಟ್ಟಗಿದ್ದಿದ್ದರೆ ಒಳ್ಳೆಯ ಹೆಡ್‌ಮಾಸ್ಟರ್ ಆಗಿ ನಿವೃತ್ತರಾಗುತ್ತಿದ್ದರೇನೋ.

ಕಾಲ ನೆಟ್ಟಗಿರಲಿಲ್ಲ. ಮಹಾಯುದ್ಧ, ಕ್ರಾಂತಿ, ಅಂತರ್ಯುದ್ಧ, ಅದರ ಬೆನ್ನಿಗೇ ಬರ. ಲಕ್ಷಾಂತರ ಮಕ್ಕಳು ಅಪ್ಪ ಅಮ್ಮನನ್ನು ಕಳೆದುಕೊಂಡು ಬೀದಿಗೆ ಬಿದ್ದಿದ್ದರು. ಕೆಲವರು ಕದಿಯುತ್ತಿದ್ದರು, ಕೆಲವರು ಗುಂಪು ಕಟ್ಟಿಕೊಂಡು ದರೋಡೆಗೂ ಇಳಿದಿದ್ದರು. 1920ರಲ್ಲಿ ಶಿಕ್ಷಣ ಇಲಾಖೆಯವರು ಮಕರೆಂಕೊ ಅವರನ್ನು ಕರೆದು, ಇಂಥ ಮಕ್ಕಳಿಗೊಂದು ವಸತಿ ಕಾಲೊನಿ ನಡೆಸಿ ಎಂದರು. ಪೋಲ್ಟಾವಾದಿಂದ ಆರು ಕಿಲೋಮೀಟರ್ ದೂರದ ಪಾಳು ಕಟ್ಟಡ. ಬಾಗಿಲು, ಕಿಟಕಿ, ಒಲೆ ಏನೂ ಇರಲಿಲ್ಲ. ಸುತ್ತಲಿನವರು ತೋಟದ ಹಣ್ಣಿನ ಮರಗಳನ್ನೂ ಬೇರು ಸಮೇತ ಕಿತ್ತು ಒಯ್ದಿದ್ದರಂತೆ! ಆ ಡಿಸೆಂಬರಿನಲ್ಲಿ ಮೊದಲ ಆರು ಹುಡುಗರು ಬಂದರು. ಮೇಷ್ಟ್ರ ಮಾತನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಹಗಲು ಮಲಗುವುದು, ರಾತ್ರಿ ಕದಿಯಲು ಹೋಗುವುದು. ಹಿಮ ಬೀಳುತ್ತಿದ್ದರೂ ಸೌದೆ ಒಡೆಯಲು ಒಬ್ಬನೂ ಏಳುತ್ತಿರಲಿಲ್ಲ.

ಆ ಚಳಿಗಾಲದಲ್ಲೇ ಒಂದು ದಿನ ಸೌದೆಯ ಮಾತಿಗೆ ಎದುರುತ್ತರ ಕೊಟ್ಟ ದೊಡ್ಡ ಹುಡುಗನೊಬ್ಬನಿಗೆ ಮೇಷ್ಟ್ರು ಹೊಡೆದರು. ಇದನ್ನು ಬೇರೆಯವರು ಹೇಳಿದ್ದಲ್ಲ, ಅವರೇ ತಮ್ಮ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಹೊಡೆದ ಮೇಲೆ ಹುಡುಗರು ಕೊಡಲಿ ಹಿಡಿದು ಕಾಡಿಗೆ ಹೊರಟರು. ಇಷ್ಟನ್ನೇ ಓದಿ, ನೋಡಿ ಏಟು ಬಿದ್ದರೇ ದಾರಿಗೆ ಬರುವುದು ಎನ್ನುವ ಹಿರಿಯರು ನಮ್ಮಲ್ಲೂ ಸಿಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸ್ವತಃ ಮಕರೆಂಕೊ ಅದನ್ನು ಗೆಲುವು ಎಂದು ಬರೆದಿಲ್ಲ, ದಿಕ್ಕು ತೋಚದವನ ಕೆಲಸ ಎಂದೇ ಬರೆದಿದ್ದಾರೆ. ಆಮೇಲೆ ಅವರು ಹಿಡಿದ ದಾರಿಯೇ ಬೇರೆ.

ಆ ದಾರಿ ಹೇಗಿತ್ತು ಎನ್ನುವುದಕ್ಕೆ ಸೆಮ್ಯೋನ್ ಎಂಬ ಹುಡುಗನ ಕಥೆ ಸಾಕು. ಸೆಮ್ಯೋನ್‌ನನ್ನು ಕರೆತಂದಿದ್ದು ಜೈಲಿನಿಂದ. ಬಿಡುಗಡೆಯ ಕಾಗದಕ್ಕೆ ಜಾಮೀನು ಸಹಿ ಹಾಕುವಾಗ ಮಕರೆಂಕೊ ಅವನನ್ನು ಸ್ವಲ್ಪ ಹೊರಗೆ ನಿಲ್ಲು ಎಂದು ಕಳಿಸಿದ್ದರು. ತನ್ನನ್ನು ರಸೀದಿ ಬರೆದುಕೊಟ್ಟು ಬಿಡಿಸಿಕೊಂಡರು ಎನ್ನುವುದು ಹುಡುಗನಿಗೆ ಅವಮಾನ ಆಗಬಾರದು ಎಂಬ ಯೋಚನೆ. ಅದು ಅವನಿಗೆ ಗೊತ್ತಾಗಿದ್ದು ಎಷ್ಟೋ ಕಾಲದ ನಂತರ. ಇದೇ ಸೆಮ್ಯೋನ್‌ಗೆ ಮುಂದೊಂದು ದಿನ ಕುದುರೆ ಕೊಟ್ಟು, ಪಟ್ಟಣಕ್ಕೆ ಹೋಗಿ ಕಾಲೊನಿಯ ಐನೂರು ರೂಬಲ್ ತೆಗೆದುಕೊಂಡು ಬಾ ಎಂದರು. ದಾರಿಯಲ್ಲಿ ಕಳ್ಳರ ಕಾಟವಿದೆ ಎಂದು ಪಿಸ್ತೂಲನ್ನೂ ಕೊಟ್ಟರು. ಕಳ್ಳನ ಕೈಗೇ ದುಡ್ಡು, ಕುದುರೆ, ಪಿಸ್ತೂಲು! ಹುಡುಗ ದುಡ್ಡು ತಂದು ಎಣಿಸಿಕೊಳ್ಳಿ ಎಂದರೆ, ಮೇಷ್ಟ್ರು ಎಣಿಸದೆ ಡ್ರಾಯರಿಗೆ ಹಾಕಿದರು. ಮುಂದಿನ ಸಲ ಎರಡು ಸಾವಿರಕ್ಕೆ ಕಳಿಸಿದರು. ಅದನ್ನೂ ತಂದ.

ಕಾಲೊನಿಯಲ್ಲಿ ನಿಧಾನವಾಗಿ ಕುಲುಮೆ ಬಂತು, ಗಾಡಿ ಚಕ್ರ ಮಾಡುವ ಶೆಡ್ ಬಂತು, ಹೊಲ, ಹಂದಿ ಸಾಕಣೆ ಎಲ್ಲ ಬಂತು. ಸುತ್ತಲಿನ ರೈತರು ಕೆಲಸ ಮಾಡಿಸಿಕೊಳ್ಳಲು ಅಲ್ಲಿಗೇ ಬರತೊಡಗಿದರು. ಹುಡುಗರನ್ನು ಸಣ್ಣ ಸಣ್ಣ ತಂಡಗಳಾಗಿ ಮಾಡಿ, ಪ್ರತಿ ತಂಡಕ್ಕೂ ಒಬ್ಬ ನಾಯಕನನ್ನು ಇಡುತ್ತಿದ್ದರು. ನನಗೆ ಬಹಳ ಹಿಡಿಸಿದ್ದು ಅವರ ತಾತ್ಕಾಲಿಕ ತಂಡಗಳು. ಆಲೂಗಡ್ಡೆ ನೆಡಬೇಕು, ಗೊಬ್ಬರ ಸಾಗಿಸಬೇಕು ಎಂದಾಗ ಆ ಒಂದು ಕೆಲಸಕ್ಕೆ ಹೊಸ ತಂಡ, ಹೊಸ ನಾಯಕ. ಈ ವಾರ ಆಜ್ಞೆ ಕೊಟ್ಟವನು ಮುಂದಿನ ವಾರ ಇನ್ನೊಬ್ಬನ ಮಾತು ಕೇಳಬೇಕು. ನಮ್ಮ ಮಿನಿ ಪ್ರಾಜೆಕ್ಟ್ ಬ್ಯಾಚಿನಲ್ಲಿ ಈ ಪದ್ಧತಿ ತಂದರೆ ಅರ್ಧ ಜಗಳ ಕಡಿಮೆಯಾದೀತು. (ಉಳಿದರ್ಧ ದುಡ್ಡಿನದು, ಅದಕ್ಕೆ ಮಕರೆಂಕೊ ಬಳಿಯೂ ಮದ್ದಿಲ್ಲ.)

ಕಾಲೊನಿಗೆ ಲೇಖಕ ಮ್ಯಾಕ್ಸಿಂ ಗೋರ್ಕಿಯ ಹೆಸರಿಟ್ಟಿದ್ದರು. ಗೋರ್ಕಿಯೂ ಬಾಲ್ಯದಲ್ಲಿ ಬೀದಿಯ ಕಷ್ಟ ಕಂಡವರೇ. ಹುಡುಗರು ಅವರಿಗೆ ಪತ್ರ ಬರೆಯುತ್ತಿದ್ದರು, ಅವರಿಂದ ಉತ್ತರವೂ ಬರುತ್ತಿತ್ತು. 1926ರಲ್ಲಿ ಇಡೀ ಕಾಲೊನಿ ಖಾರ್ಕಿವ್ ಬಳಿಯ ಕುರ್ಯಾಜ್ ಎಂಬಲ್ಲಿನ ಹಳೇ ಮಠಕ್ಕೆ ಸ್ಥಳಾಂತರವಾಯಿತು. ಅಲ್ಲಿ ಆಗಲೇ ಸುಮಾರು 280 ಮಕ್ಕಳು ಹೇಳುವವರು ಕೇಳುವವರಿಲ್ಲದೆ ಕೊಳಕಿನಲ್ಲಿದ್ದರು. ಅವರನ್ನು ದಾರಿಗೆ ತಂದಿದ್ದು ಮೇಷ್ಟ್ರ ಭಾಷಣವಲ್ಲ, ಪೋಲ್ಟಾವಾದಿಂದ ಬಂದ ಹಳೇ ಹುಡುಗರು. 1928ರ ಜುಲೈನಲ್ಲಿ ಗೋರ್ಕಿ ಬಂದು ಮೂರು ದಿನ ಇದ್ದು ಹೋದರು. ಅಷ್ಟರಲ್ಲಿ ಮಕರೆಂಕೊ ಅವರದು ಶಿಕ್ಷಣವಲ್ಲ, ಸೇನಾ ಶಿಬಿರ ಎಂದು ಅಧಿಕಾರಿಗಳು ತಕರಾರು ತೆಗೆದಿದ್ದರು. ಅದೇ ವರ್ಷ ಅವರು ಕಾಲೊನಿ ಬಿಡಬೇಕಾಯಿತು.

ಅವರಿಗೆ ಉಳಿದಿದ್ದು ಖಾರ್ಕಿವ್‌ನಲ್ಲಿ 1927ರ ಕೊನೆಗೆ ಶುರುವಾಗಿದ್ದ ಇನ್ನೊಂದು ವಸತಿ ಸಂಸ್ಥೆ, ಜೆರ್ಜಿನ್‌ಸ್ಕಿ ಕಮ್ಯೂನ್. ಮೊದಲು ಅಲ್ಲಿ ಮರಗೆಲಸ, ಹೊಲಿಗೆ, ಸಣ್ಣಪುಟ್ಟ ಲೋಹದ ಕೆಲಸ ಇತ್ತು. 1932ರಲ್ಲಿ ವಿದ್ಯುತ್ ಡ್ರಿಲ್ ತಯಾರಿಸುವ ಕಾರ್ಖಾನೆ ಬಂತು. ಅದುವರೆಗೆ ಆ ದೇಶ ಡ್ರಿಲ್‌ಗಳನ್ನು ಹೊರಗಿನಿಂದ ತರಿಸಿಕೊಳ್ಳುತ್ತಿತ್ತು. ಆಮೇಲೆ ಬಂದಿದ್ದೇ ಕ್ಯಾಮೆರಾ. ಲೈಕಾವನ್ನು ಬಿಚ್ಚಿ, ಒಂದೊಂದು ಭಾಗವನ್ನೂ ಅಳೆದು, ಮತ್ತೆ ಮಾಡಿದ್ದು. 1934ರಿಂದ ತಯಾರಿಕೆ ಜೋರಾಯಿತು. ಫೆಡ್ ಎಂದರೆ ಫೆಲಿಕ್ಸ್ ಎದ್ಮುಂದೋವಿಚ್ ಜೆರ್ಜಿನ್‌ಸ್ಕಿ ಹೆಸರಿನ ಮೊದಲಕ್ಷರಗಳು.

ಇದು ಎಂಥ ಸವಾಲು ಎಂದು ಎಂಜಿನಿಯರಿಂಗ್ ಓದುವವರಿಗೆ ಹೇಳಬೇಕಿಲ್ಲ, ಉಳಿದವರಿಗಾಗಿ ಎರಡು ಮಾತು. ಅದರ ಷಟರ್ ಬಟ್ಟೆಯದು, ಸೆಕೆಂಡಿನ ಐನೂರನೇ ಒಂದು ಭಾಗದವರೆಗಿನ ವೇಗ ಅದಕ್ಕಿತ್ತು. ಬಟ್ಟೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಫಿಲ್ಮ್ ಹಾಳು. ಲೆನ್ಸ್‌ಗೂ ಫಿಲ್ಮ್‌ಗೂ ನಡುವಿನ ದೂರ ಕೂದಲೆಳೆಯಷ್ಟು ತಪ್ಪಿದರೂ ಚಿತ್ರ ಮಸುಕು. ಮೊದಲ ವರ್ಷಗಳಲ್ಲಿ ಈ ಅಳತೆ ಎಲ್ಲ ಕ್ಯಾಮೆರಾಗಳಲ್ಲೂ ಒಂದೇ ಇರುತ್ತಿರಲಿಲ್ಲ. ಹಾಗಾಗಿ ಪ್ರತಿ ಕ್ಯಾಮೆರಾಗೂ ಅದರದೇ ಲೆನ್ಸ್ ಕೂರಿಸಿ ಸರಿಹೊಂದಿಸುತ್ತಿದ್ದರು, ಇದರ ಲೆನ್ಸ್ ಅದಕ್ಕೆ ಆಗುತ್ತಿರಲಿಲ್ಲ. ಕಲಿಸಲು ಎಂಜಿನಿಯರುಗಳು, ನುರಿತ ಕೆಲಸಗಾರರು ಇದ್ದರು ನಿಜ. ಆದರೂ ಯಂತ್ರದ ಮುಂದೆ ಹೆಚ್ಚಾಗಿ ನಿಂತವರು ಮಕ್ಕಳೇ. ದಿನಕ್ಕೆ ನಾಲ್ಕು ಗಂಟೆ ಕಾರ್ಖಾನೆ, ಉಳಿದಂತೆ ಶಾಲೆ. ಕೂಲಿ ಸಿಗುತ್ತಿತ್ತು, ಅದರಲ್ಲೊಂದು ಪಾಲು ಉಳಿತಾಯಕ್ಕೆ ಹೋಗುತ್ತಿತ್ತು. ಬ್ಯಾಂಡ್ ಇತ್ತು, ನಾಟಕ ಇತ್ತು, ಬೇಸಿಗೆಯಲ್ಲಿ ದೂರದ ಪ್ರವಾಸ ಇತ್ತು.

ಮೊದಲ ವರ್ಷ ವರ್ಕ್‌ಶಾಪ್‌ನಲ್ಲಿ ನಾವು ಎರಡು ಕಬ್ಬಿಣದ ತುಂಡುಗಳನ್ನು ಗಂಟೆಗಟ್ಟಲೆ ಅರ ಹಾಕಿ ಉಜ್ಜಿ ಒಂದಕ್ಕೊಂದು ಕೂರಿಸುತ್ತಿದ್ದೆವು. ಮಾರ್ಕ್ಸ್ ಬಿದ್ದ ಮೇಲೆ ಅದು ಮೂಲೆಯ ಗುಜರಿ ರಾಶಿಗೆ ಹೋಗುತ್ತಿತ್ತು. ಅಳತೆ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆ ಆದರೆ ಯಾರಿಗೇನು ನಷ್ಟ? ಆದರೆ ಖಾರ್ಕಿವ್‌ನ ಹುಡುಗ ತಿರುಗಿಸಿದ ಸ್ಕ್ರೂ ಯಾರೋ ಕಾಣದ ಮನುಷ್ಯನ ಕ್ಯಾಮೆರಾದೊಳಗೆ ಕೂರುತ್ತಿತ್ತು. ಅವನಿಗೆ ಯಾರೂ ಉಪದೇಶ ಮಾಡಬೇಕಿರಲಿಲ್ಲ, ಸ್ಕ್ರೂ ಕೂರದಿದ್ದರೆ ಪಕ್ಕದ ಬೆಂಚಿನವನೇ ವಾಪಸ್ ಕಳಿಸುತ್ತಿದ್ದ. ಹತ್ತನೇ ತರಗತಿ ಫೇಲಾದ ನಮ್ಮೂರಿನ ಹುಡುಗರು ಗ್ಯಾರೇಜ್ ಸೇರಿದ ಆರೇ ತಿಂಗಳಿಗೆ ಇಂಜಿನ್ ಸದ್ದು ಕೇಳಿಯೇ ದೋಷ ಹೇಳುವುದನ್ನು ಕಂಡಿದ್ದೇನೆ. ಅವರಿಗೆ ಗ್ಯಾರೇಜ್ ಸಿಕ್ಕಿತು, ಜೊತೆಗೊಂದು ಶಾಲೆ ಸಿಗಲಿಲ್ಲ. ಮಕರೆಂಕೊ ಎರಡನ್ನೂ ಬಿಡಲಿಲ್ಲ. ಅಲ್ಲಿಂದ ಮುಂದೆ ಕಾಲೇಜು ಸೇರಿ ಎಂಜಿನಿಯರುಗಳಾದವರೂ ಇದ್ದಾರೆ.

ಇಷ್ಟು ಮೆಚ್ಚಿಕೊಂಡ ಮೇಲೂ ಗಂಟಲಲ್ಲಿ ಸಿಕ್ಕಿಕೊಳ್ಳುವ ಸಂಗತಿಯೊಂದಿದೆ. ಜೆರ್ಜಿನ್‌ಸ್ಕಿ ಎಂಬಾತ ಸೋವಿಯತ್ ಗುಪ್ತ ಪೊಲೀಸ್ ಪಡೆಯ ಸ್ಥಾಪಕ. ಕಮ್ಯೂನ್ ಕಟ್ಟಿಸಿದ್ದೂ ಅದೇ ಇಲಾಖೆಯವರು. 1932-33ರಲ್ಲಿ, ಡ್ರಿಲ್ ಕಾರ್ಖಾನೆ ನಡೆಯುತ್ತಿದ್ದ ಹೊತ್ತಿನಲ್ಲೇ, ಸರ್ಕಾರ ಧಾನ್ಯ ಕಸಿದುಕೊಂಡಿದ್ದರಿಂದ ಉಕ್ರೇನಿನ ಹಳ್ಳಿಗಳಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಬೀದಿಗೆ ಬಿದ್ದ ಮಕ್ಕಳನ್ನು ಎತ್ತಿಕೊಂಡ ಸರ್ಕಾರವೇ ಇನ್ನಷ್ಟು ಮಕ್ಕಳನ್ನು ಬೀದಿಗೆ ತಳ್ಳುತ್ತಿತ್ತು. ಮಕರೆಂಕೊ ಅವರ ಪುಸ್ತಕಗಳಲ್ಲಿ ಆ ಹಸಿವಿನ ಸುದ್ದಿಯಿಲ್ಲ. ಬರೆದಿದ್ದರೆ ಅವರೂ ಉಳಿಯುತ್ತಿರಲಿಲ್ಲ, ಕಮ್ಯೂನೂ ಉಳಿಯುತ್ತಿರಲಿಲ್ಲ ಎಂದು ವಾದಿಸಬಹುದು. ವಾದ ಸರಿಯೇ ಇರಬಹುದು, ನನಗೆ ಸಮಾಧಾನವಂತೂ ಆಗಿಲ್ಲ.

1935ರಲ್ಲಿ ಅವರನ್ನು ಕೀವ್‌ಗೆ, ಕಚೇರಿ ಕೆಲಸಕ್ಕೆ ವರ್ಗ ಮಾಡಿದರು. ಮಕ್ಕಳಿಲ್ಲದ ಕಚೇರಿ. ಎರಡು ವರ್ಷದ ನಂತರ ಮಾಸ್ಕೋಗೆ ಹೋಗಿ ಬರವಣಿಗೆಯಲ್ಲೇ ಮುಳುಗಿದರು. ಕಾಲೊನಿಯ ಕಥೆ ಹೇಳುವ ‘ಪೆಡಗಾಜಿಕಲ್ ಪೊಯಮ್’ ಆ ಹೊತ್ತಿಗಾಗಲೇ ಹೆಸರು ಮಾಡಿತ್ತು. 1939ರ ಏಪ್ರಿಲ್ 1ರಂದು, ಮಾಸ್ಕೋ ಹತ್ತಿರದ ಗೋಲಿತ್ಸಿನೊ ನಿಲ್ದಾಣದಲ್ಲಿ, ರೈಲಿನಲ್ಲೇ ಹೃದಯಾಘಾತವಾಗಿ ತೀರಿಕೊಂಡರು. ವಯಸ್ಸು 51.

ಎಣಿಸದ ದುಡ್ಡು ತಂದುಕೊಟ್ಟ ಸೆಮ್ಯೋನ್ ಮೊದಲು ಕೃಷಿ ಓದಲು ಹೋಗಿದ್ದ. ಮನಸ್ಸು ನಿಲ್ಲದೆ ಮೇಷ್ಟ್ರ ಬಳಿಗೇ ವಾಪಸ್ ಬಂದ. ಆಮೇಲೆ ದಿಕ್ಕಿಲ್ಲದ ಮಕ್ಕಳ ಮನೆಗಳನ್ನು ನಡೆಸುತ್ತಲೇ ಮುದುಕನಾದ.