ಕೆರೆಮನೆ ಶಿವರಾಮ ಹೆಗಡೆ: ಒಂದು ಮೇಳದ ಏಳುಬೀಳು

ಮಳೆಗಾಲ ಕಳೆದು ಹಾದಿ ಒಣಗಿದೊಡನೆ ನಮ್ಮ ಧರ್ಮಕೇಂದ್ರಗಳ ಯುವಜನರು ಯಾಣಕ್ಕೆ ಹೊರಡುತ್ತಾರೆ. ಕುಮಟೆಯಿಂದ ಸುಮಾರು 25 ಕಿಲೋಮೀಟರ್ ದೂರದ ಕಾಡಿನಲ್ಲಿ ಎರಡು ಕರಿಯ ಕಲ್ಲಿನ ಗೋಡೆಗಳು ಆಕಾಶಕ್ಕೆ ಎದ್ದು ನಿಂತಿವೆ. ಒಂದಕ್ಕೆ ಭೈರವೇಶ್ವರ ಶಿಖರವೆಂದೂ ಇನ್ನೊಂದಕ್ಕೆ ಮೋಹಿನಿ ಶಿಖರವೆಂದೂ ಹೆಸರು. ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಸುಟ್ಟು ಬೂದಿಯಾಗುವ ವರ ಪಡೆದ ಭಸ್ಮಾಸುರ, ಮೋಹಿನಿಯೊಡನೆ ಕುಣಿಯುತ್ತ ತನ್ನ ತಲೆಯ ಮೇಲೆಯೇ ಕೈಯಿಟ್ಟುಕೊಂಡದ್ದು ಇಲ್ಲಿಯೇ ಎಂಬುದು ಜನರ ನಂಬಿಕೆ. ಈ ಕತೆಯನ್ನು ಕುಮಟಾ, ಹೊನ್ನಾವರ, ಭಟ್ಕಳದ ಹೆಚ್ಚಿನವರು ಪುಸ್ತಕದಲ್ಲಿ ಓದಿದವರಲ್ಲ. ಗದ್ದೆಯಲ್ಲಿ ಚಾಪೆ ಹಾಸಿ ಕುಳಿತು, ಚಂಡೆಯ ಸದ್ದಿಗೆ ನಿದ್ದೆ ಬಿಟ್ಟು, ಯಕ್ಷಗಾನದಲ್ಲಿ ನೋಡಿದವರು. ನಮ್ಮ ಕಥೋಲಿಕ ಮನೆಗಳ ಹಿರಿಯರೂ ಆ ಚಾಪೆಗಳ ಮೇಲೆ ಕುಳಿತವರೇ.

ಈ ಮೂರು ತಾಲೂಕುಗಳ ಯಕ್ಷಗಾನವೆಂದರೆ ಮೊದಲು ನೆನಪಾಗುವ ಹೆಸರುಗಳಲ್ಲಿ ಕೆರೆಮನೆ ಶಿವರಾಮ ಹೆಗಡೆಯವರದು ಒಂದು. ಅವರು ತೀರಿಕೊಂಡು ಮೂರು ದಶಕಗಳೇ ಕಳೆದಿವೆ. ಅವರ ಬಗ್ಗೆ ಈಗ ಬರೆಯಲು ನಮಗೆ ಒಂದು ಕಾರಣವಿದೆ. ನಮ್ಮ ಊರುಗಳಲ್ಲಿ ಗಾಯನ ಮಂಡಳಿಗಳು, ಫೆಸ್ತಿನ ಬ್ಯಾಂಡ್ ಸೆಟ್ಟುಗಳು, ಯುವಜನರ ವಾದ್ಯವೃಂದಗಳು ಬಹಳ ಉತ್ಸಾಹದಿಂದ ಹುಟ್ಟುತ್ತವೆ. ಎರಡು ಕ್ರಿಸ್ತಜಯಂತಿ, ಒಂದು ಈಸ್ಟರ್ ಕಳೆಯುವುದರೊಳಗೆ ಮೈಕ್ ಯಾರ ಕೈಯಲ್ಲಿರಬೇಕು, ಸೋಲೋ ಯಾರು ಹಾಡಬೇಕು, ಕೀಬೋರ್ಡಿನ ಸಾಲ ಯಾರು ತೀರಿಸಬೇಕು ಎಂಬಲ್ಲಿಗೆ ಬಂದು ಒಡೆಯುತ್ತವೆ. ಒಡೆದ ಮೇಲೆ ಎಲ್ಲರೂ ಸೋತವರಂತೆ ಸುಮ್ಮನಾಗುತ್ತಾರೆ. ಹೊನ್ನಾವರದ ಒಂದು ಹಳ್ಳಿಯಲ್ಲಿ 1934ರಲ್ಲಿ ಕಟ್ಟಿದ ಒಂದು ಮೇಳ, ನಿಂತು, ಬಿದ್ದು, ಮತ್ತೆ ಎದ್ದು ಇಂದಿಗೂ ಉಳಿದಿದೆಯಲ್ಲ, ಅದರೊಳಗೆ ಏನಿತ್ತು ಎಂದು ತಿಳಿಯುವ ಆಸೆ ನಮ್ಮದು.

ಶಿವರಾಮ ಹೆಗಡೆಯವರು 1908ರಲ್ಲಿ ಹೊನ್ನಾವರ ತಾಲೂಕಿನ ಗುಣವಂತೆಯ ಕೆರೆಮನೆಯಲ್ಲಿ, ಹವ್ಯಕ ಕೃಷಿಕ ಕುಟುಂಬದಲ್ಲಿ ಹುಟ್ಟಿದರು. ಆಗ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ದಕ್ಷಿಣದ ಕುಂದಾಪುರ, ಉಡುಪಿಗಳು ಮದ್ರಾಸಿಗೆ. ಸರ್ಕಾರ ಎರಡಾದರೂ ಚಂಡೆ ಮದ್ದಳೆಗಳು ಆ ಗಡಿಯನ್ನು ಲೆಕ್ಕಿಸಲಿಲ್ಲ. ಆದರೆ ಓದುಬರಹ ಬಲ್ಲ ಸಭ್ಯರಿಗೆ ಬಯಲಾಟವೆಂದರೆ ಅಷ್ಟಕ್ಕಷ್ಟೆ. ಪರದೆ, ಪೀಠೋಪಕರಣ, ಹಾರ್ಮೋನಿಯಂ ಇಟ್ಟುಕೊಂಡು ಬರುತ್ತಿದ್ದ ಕಂಪನಿ ನಾಟಕಗಳಿಗೆ ಇದ್ದ ಮರ್ಯಾದೆ ಬಯಲಿನಲ್ಲಿ ಕುಣಿಯುವವನಿಗೆ ಇರಲಿಲ್ಲ. ಹಿಂದೆಯೇ ಸಿನೆಮಾ ಬಂತು. ಕಾಲ ಹೀಗಿದ್ದಾಗ, ತೋಟ ಗದ್ದೆ ನೋಡಿಕೊಂಡು ಇರಬಹುದಾಗಿದ್ದ ಮನೆತನದ ಯುವಕನೊಬ್ಬ ತನ್ನ 26ನೆಯ ವಯಸ್ಸಿನಲ್ಲಿ ಶ್ರೀ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದ್ದು ಜಾಣತನದ ವ್ಯವಹಾರವೇನೂ ಆಗಿರಲಿಲ್ಲ.

ಮೇಳ ನಡೆಸುವುದೆಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ದೀಪಾವಳಿಯ ನಂತರ ಹೊರಟ ಮೇಳ ಮಳೆಗಾಲದ ಹೊತ್ತಿಗೆ ಮನೆ ಸೇರುತ್ತದೆ. ಆ ಆರು ತಿಂಗಳು ಪ್ರತಿರಾತ್ರಿ ಒಂದೊಂದು ಊರು. ಭಾಗವತ, ಮದ್ದಳೆಗಾರ, ಚಂಡೆಗಾರ, ಪುರುಷವೇಷ, ಸ್ತ್ರೀವೇಷ, ಹಾಸ್ಯಗಾರ, ವೇಷದ ಪೆಟ್ಟಿಗೆ ಹೊರುವವರು, ಅಡುಗೆಯವರು ಎಂದು 30–40 ಜನರ ಸಂಸಾರ. ಮಳೆಗಾಲದಲ್ಲಿಯೇ ಕಲಾವಿದರಿಗೆ ಮುಂಗಡ ಕೊಟ್ಟು ಗೊತ್ತು ಮಾಡಬೇಕು. ಆಟ ಆಡಿಸುವವರು ವೀಳ್ಯ ಕೊಟ್ಟರೆ ಅಂದಿನ ಊಟ ಸುಸೂತ್ರ, ಇಲ್ಲವಾದರೆ ಯಜಮಾನನ ಕೈಯಿಂದ. ಅಕಾಲದಲ್ಲಿ ಒಂದು ಮಳೆ ಬಿದ್ದರೆ ಆ ರಾತ್ರಿಯ ಗಳಿಕೆ ಹೋಯಿತು, ಖರ್ಚು ಮಾತ್ರ ಉಳಿಯಿತು. 1934ರಲ್ಲಿ ಶರಾವತಿಗೆ ಹೆದ್ದಾರಿಯ ಸೇತುವೆಯಿರಲಿಲ್ಲ; ಇಡೀ ರಾತ್ರಿ ಕುಣಿದವರು ಬೆಳಗ್ಗೆ ಮುಖದ ಬಣ್ಣ ತೊಳೆದುಕೊಂಡು ದೋಣಿ ಹತ್ತಿ, ಆಚೆ ದಡದಿಂದ ನಡೆದುಕೊಂಡೇ ಮುಂದಿನ ಊರು ಸೇರಬೇಕು. ಅದರ ಮೇಲೆ ಎರಡನೇ ಮಹಾಯುದ್ಧದ ವರ್ಷಗಳು ಬಂದವು. ಅಕ್ಕಿ, ಬಟ್ಟೆ, ಸೀಮೆಎಣ್ಣೆ ಎಲ್ಲಕ್ಕೂ ಕೊರತೆ. ಬೆಳಕಿಲ್ಲದೆ ರಾತ್ರಿಯ ಆಟ ಹೇಗೆ? ಮೇಳ ಕಟ್ಟಿದ ಅನೇಕರು ತೋಟ ಗದ್ದೆ ಅಡವಿಟ್ಟು ಕೈತೊಳೆದುಕೊಂಡ ಕತೆಗಳು ಈ ಕರಾವಳಿಯಲ್ಲಿ ಬೇಕಾದಷ್ಟಿವೆ.

ಇಡಗುಂಜಿ ಮೇಳದ ತಿರುಗಾಟವೂ ಒಂದೇ ಸಮನೆ ನಡೆದುದಲ್ಲ. ನಡೆಯಿತು, ನಿಂತಿತು, ಮತ್ತೆ ಹೊರಟಿತು. ನಿಂತ ದಿನಗಳಲ್ಲಿಯೂ ಕೆರೆಮನೆಯವರು ವೇಷ ಕಟ್ಟುವುದನ್ನು ಬಿಡಲಿಲ್ಲ ಎಂಬುದೇ ನಮಗೆ ಮುಖ್ಯವಾಗಿ ಕಾಣುವ ಸಂಗತಿ. ಅದೇ ಮನೆತನದ ಮಹಾಬಲ ಹೆಗಡೆಯವರು ಹಾಡು, ಕುಣಿತ, ಮಾತು ಮೂರನ್ನೂ ಬಲ್ಲ ಕಲಾವಿದರಾದರು. ಮಕ್ಕಳಾದ ಶಂಭು ಹೆಗಡೆ ಮತ್ತು ಗಜಾನನ ಹೆಗಡೆ ಇಬ್ಬರೂ ರಂಗಸ್ಥಳದಲ್ಲೇ ಬೆಳೆದರು. ಗಜಾನನ ಹೆಗಡೆಯವರು ಸ್ತ್ರೀವೇಷಕ್ಕೆ ಹೆಸರಾದರು. ಹೀಗೆ ತಿರುಗಾಟ ನಿಂತರೂ ವಿದ್ಯೆ ನಿಲ್ಲಲಿಲ್ಲ. ನಮ್ಮಲ್ಲಿ ಗಾಯನ ಮಂಡಳಿ ಒಡೆದರೆ ಮೊದಲು ನಿಲ್ಲುವುದು ಅಭ್ಯಾಸ, ಆಮೇಲೆ ಮಕ್ಕಳಿಗೆ ಕಲಿಸುವುದು. ಹಾರ್ಮೋನಿಯಂ ಬೀರುವಿನ ಮೇಲೆ ಧೂಳು ತಿನ್ನುತ್ತದೆ. ಹತ್ತು ವರ್ಷದ ನಂತರ ಹೊಸ ಧರ್ಮಗುರುಗಳು ಬಂದು ಕೇಳಿದರೆ ಸ್ವರ ಬಲ್ಲವರು ಊರಲ್ಲಿ ಒಬ್ಬರೂ ಇರುವುದಿಲ್ಲ.

ಯಕ್ಷಗಾನದ ಒಂದು ಮಾತನ್ನು ಇಲ್ಲಿ ಹೇಳದಿದ್ದರೆ ಶಿವರಾಮ ಹೆಗಡೆಯವರ ಬದುಕು ಅರ್ಥವಾಗುವುದಿಲ್ಲ. ಮೇಳದ ಪ್ರಧಾನ ನಟನನ್ನು ಎರಡನೇ ವೇಷಧಾರಿ ಎನ್ನುತ್ತಾರೆ. ಹಾಗಾದರೆ ಮೊದಲನೇ ವೇಷ ಯಾರದು? ಭಾಗವತನದು. ಅವನು ಬಣ್ಣ ಹಚ್ಚುವುದಿಲ್ಲ, ಕಿರೀಟ ಕಟ್ಟುವುದಿಲ್ಲ, ರಂಗಸ್ಥಳದ ಹಿಂಬದಿಯಲ್ಲಿ ತಾಳ ಹಿಡಿದು ಹಾಡುತ್ತಾನೆ. ಆದರೂ ಪ್ರವೇಶ, ನಿರ್ಗಮನ, ಎಷ್ಟು ಕುಣಿತ, ಎಷ್ಟು ಮಾತು, ಎಲ್ಲವೂ ಅವನ ಕೈಯಲ್ಲಿ. ಅವನು ಪದ್ಯ ಎತ್ತಿದರೆ ಎಂತಹ ಚಕ್ರವರ್ತಿಯ ಪಾತ್ರವೂ ಮಾತು ನಿಲ್ಲಿಸಬೇಕು. ಈಗ ಶಿವರಾಮ ಹೆಗಡೆಯವರ ಸ್ಥಿತಿಯನ್ನು ನೋಡಿರಿ. ಹಗಲು ಅವರು ಯಜಮಾನರು. ಭಾಗವತನಿಗೂ ಸಂಬಳ ಕೊಡುವವರು. ರಾತ್ರಿ ಅದೇ ಭಾಗವತನ ತಾಳಕ್ಕೆ ಹೆಜ್ಜೆಯಿಡಬೇಕಾದವರು. ಹಣ ಹಾಕಿದವನೇ ರಂಗಸ್ಥಳದಲ್ಲಿ ಎರಡನೆಯವನಾಗಿ ನಿಲ್ಲುವ ಈ ಕ್ರಮವನ್ನು ಪಾಲಿಸಿದ ಮೇಳ ಉಳಿಯುತ್ತದೆ, ಪಾಲಿಸದ್ದು ಅಳಿಯುತ್ತದೆ ಎಂದರೆ ತಪ್ಪಾಗಲಾರದು. ಸ್ಪೀಕರ್ ಕೊಡಿಸಿದವರೇ ಹಾಡನ್ನೂ ಆರಿಸುವ ಮಂಡಳಿಗಳನ್ನು ನಾವು ಸಾಕಷ್ಟು ಕಂಡಿದ್ದೇವೆ!

ಇನ್ನೊಂದು ಶಿಸ್ತೂ ಇದೆ. ಯಕ್ಷಗಾನದಲ್ಲಿ ಪದ್ಯ ಬರೆದಿಟ್ಟದ್ದು, ಮಾತು ಮಾತ್ರ ಆ ಕ್ಷಣದಲ್ಲಿ ಹುಟ್ಟುವುದು. ಎದುರು ಪಾತ್ರಧಾರಿ ಕೇಳಿದ್ದಕ್ಕೆ ತಕ್ಕ ಉತ್ತರ ಕೊಡಬೇಕು, ಅವನಿಗೂ ಮಾತಿಗೆ ಜಾಗ ಬಿಡಬೇಕು. ಮಾತು ಬಲ್ಲವನು ಎದುರಿನವನನ್ನು ಕಟ್ಟಿಹಾಕಿ ಚಪ್ಪಾಳೆ ಗಿಟ್ಟಿಸಬಹುದು, ಆದರೆ ಪ್ರಸಂಗ ಅಲ್ಲಿಗೆ ಕೆಟ್ಟಿತು. ಕೆರೆಮನೆಯವರ ಹೆಸರು ನಿಂತದ್ದು ಭಾವಾಭಿನಯ, ತೂಕದ ಮಾತು, ಪಾತ್ರಕ್ಕೆ ತಕ್ಕ ಗಾಂಭೀರ್ಯಗಳ ಮೇಲೆ. ಬಿರುಸಿನ ಕುಣಿತವನ್ನೇ ಬಯಸುವ ಪ್ರೇಕ್ಷಕರಿಗೆ ಇದು ನಿಧಾನವೆನಿಸಿದ್ದೂ ಉಂಟು. ನಮ್ಮ ಅಭಿಪ್ರಾಯದಲ್ಲಿ ಆ ನಿಧಾನವೇ ಅವರ ಶಕ್ತಿ.

ಶಿವರಾಮ ಹೆಗಡೆಯವರ ಪಾತ್ರಗಳಲ್ಲಿ ಜನ ಹೆಚ್ಚು ನೆನೆಯುವುದು ಗದಾಯುದ್ಧದ ಕೌರವನನ್ನು. ಹದಿನೆಂಟು ದಿನಗಳ ಯುದ್ಧ ಮುಗಿದಿದೆ. ತಮ್ಮಂದಿರು, ಭೀಷ್ಮ, ದ್ರೋಣ, ಪ್ರಾಣಮಿತ್ರ ಕರ್ಣ ಎಲ್ಲರೂ ಬಿದ್ದಿದ್ದಾರೆ. ಹನ್ನೊಂದು ಅಕ್ಷೋಹಿಣಿ ಸೈನ್ಯದ ಒಡೆಯ ಒಬ್ಬನೇ ಗದೆ ಹೊತ್ತು ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ಕೆಟ್ಟವನೆಂದು ಎಲ್ಲರೂ ಬಲ್ಲ ಈ ಪಾತ್ರವನ್ನು ಸುಮ್ಮನೆ ಅಬ್ಬರಿಸಿ ಮುಗಿಸಬಹುದು. ಕಳೆದುಕೊಂಡವನ ಒಂಟಿತನವನ್ನೂ ಬಗ್ಗದ ಅಭಿಮಾನವನ್ನೂ ಒಟ್ಟಿಗೆ ಹಿಡಿದು ತೋರಿಸುವುದು ಕಷ್ಟದ ಕೆಲಸ, ಮತ್ತು ಆ ಕೌರವನಿಂದಲೇ ಅವರು ಕರಾವಳಿ ಮಲೆನಾಡುಗಳಲ್ಲಿ ಮನೆಮಾತಾದರು.

1970ರಲ್ಲಿ ಅವರಿಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂತು. ನಮ್ಮ ಜನ ರಾಷ್ಟ್ರಪತಿ ಪ್ರಶಸ್ತಿ ಎಂದು ಕರೆಯುವುದು ಇದನ್ನೇ. ಯಕ್ಷಗಾನ ಕಲಾವಿದರಿಗೆ ಆ ಗೌರವ ಸಂದದ್ದು ಅದೇ ಮೊದಲು. ಶಿವರಾಮ ಕಾರಂತರ ಯಕ್ಷಗಾನ ಬಯಲಾಟ ಗ್ರಂಥಕ್ಕೆ 1959ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆತಿತ್ತು ನಿಜ, ಆದರೆ ಅದು ಬರೆದವರಿಗೆ ಸಂದ ಮನ್ನಣೆ. ಬಣ್ಣ ಹಚ್ಚಿ ಬೆವರಿದವರಿಗೆ ಸಿಕ್ಕಿದ್ದು ಈಗ. ಅಷ್ಟರಲ್ಲಿ ಅವರಿಗೆ ಅರವತ್ತು ದಾಟಿತ್ತು, ಮೇಳ ಕಟ್ಟಿ 36 ವರ್ಷವಾಗಿತ್ತು.

ಪ್ರಶಸ್ತಿಯೊಡನೆ ಮೇಳದ ಕಷ್ಟ ಮುಗಿಯಿತೆಂದು ತಿಳಿಯಬಾರದು. ಕರಾವಳಿಯಲ್ಲಿ ಅದು ಟಿಕೆಟ್ ಇಟ್ಟು ಆಡಿಸುವ ಡೇರೆ ಮೇಳಗಳ ಕಾಲ. ಡೇರೆ ದೊಡ್ಡದಾದಂತೆ ಲಾರಿ, ಜನರೇಟರ್, ಕುರ್ಚಿ, ಪ್ರಚಾರದ ಖರ್ಚು ಬೆಳೆಯಿತು. ಡೇರೆ ತುಂಬಿಸಲು ಸಿನೆಮಾ ಮಾದರಿಯ ಕತೆಗಳೂ ಬಂದವು. ಜನರನ್ನು ಸೇರಿಸಿಕೊಟ್ಟ ಡೇರೆಯೇ ಅನೇಕ ಯಜಮಾನರ ತಲೆಯ ಮೇಲೆ ಕೈಯಿಟ್ಟಿತು. ಯಾಣದ ಕತೆ ನೆನಪಾಗುವುದು ಇಲ್ಲಿ. ದೆಹಲಿಯಲ್ಲಿ ಮಾಯಾ ರಾವ್ ಅವರ ಬಳಿ ನೃತ್ಯ ಸಂಯೋಜನೆ ಕಲಿತು ಬಂದಿದ್ದ ಶಂಭು ಹೆಗಡೆಯವರು 1970ರ ದಶಕದಲ್ಲಿ ತಂದೆಯ ಮೇಳವನ್ನು ಮತ್ತೆ ಎತ್ತಿ ನಿಲ್ಲಿಸಿದರು. ಮುಂದೆ ಕಡಿಮೆ ಅವಧಿಯ ಆಯ್ದ ಪ್ರದರ್ಶನಗಳತ್ತ ತಿರುಗಿದರು, 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ರಂಗಶಿಕ್ಷಣ ಕೇಂದ್ರವನ್ನು ತೆರೆದರು. ಇಡೀ ರಾತ್ರಿಯ ಆಟವನ್ನು ಎರಡು ಮೂರು ಗಂಟೆಗೆ ಇಳಿಸುವುದು ಸರಿಯೇ ಎಂಬ ವಾದ ಯಕ್ಷಗಾನ ವಲಯದಲ್ಲಿ ಇಂದಿಗೂ ಮುಗಿದಿಲ್ಲ. ಅದನ್ನು ತೀರ್ಮಾನಿಸುವ ಅಧಿಕಾರ ನಮಗಿಲ್ಲ. ಆದರೆ ತಿರುಗಾಟದ ಮೇಳವೊಂದು ಶಾಲೆಯಾದುದನ್ನು ಶಿವರಾಮ ಹೆಗಡೆಯವರು ತಮ್ಮ ಕಣ್ಣಿನಿಂದಲೇ ಕಂಡರು ಎಂಬುದು ಸಂತೋಷದ ವಿಷಯ.

1992ರಲ್ಲಿ ಅವರು ತೀರಿಕೊಂಡರು. 2009ರ ಫೆಬ್ರವರಿಯಲ್ಲಿ ಇಡಗುಂಜಿಯ ರಥೋತ್ಸವದ ಆಟದಲ್ಲಿ, ಲವಕುಶ ಪ್ರಸಂಗದ ರಾಮನ ವೇಷದಲ್ಲಿದ್ದ ಶಂಭು ಹೆಗಡೆಯವರು ರಂಗದಲ್ಲಿಯೇ ಅಸ್ವಸ್ಥರಾಗಿ ಕೊನೆಯುಸಿರೆಳೆದರು. ಯಜಮಾನಿಕೆ ಮೊಮ್ಮಗ ಶಿವಾನಂದ ಹೆಗಡೆಯವರಿಗೆ ಬಂತು. ನಾಲ್ಕನೆಯ ತಲೆಮಾರಿನ ಶ್ರೀಧರ ಹೆಗಡೆಯವರೂ ಗೆಜ್ಜೆ ಕಟ್ಟಿದ್ದಾರೆ. 2024ರಲ್ಲಿ, ಮೇಳಕ್ಕೆ 90 ತುಂಬಿದ ವರ್ಷವೇ, ಯುನೆಸ್ಕೋ ಸಂಸ್ಥೆ ಮಂಡಳಿಗೆ ತನ್ನ ಮಾನ್ಯತೆಯನ್ನು ನೀಡಿತು.

ಗುಣವಂತೆಗೆ ಹೋಗಬಯಸುವವರು ಹೊನ್ನಾವರದಿಂದ ಹೆದ್ದಾರಿಯಲ್ಲಿ ಭಟ್ಕಳದ ಕಡೆಗೆ ಸಾಗಬೇಕು. ಈಗ ಶರಾವತಿಯನ್ನು ಸೇತುವೆಯ ಮೇಲೆ ನಿಮಿಷಗಳಲ್ಲಿ ದಾಟಬಹುದು. ಶಂಭು ಹೆಗಡೆಯವರ ಹೆಸರಿನ ನಾಟ್ಯೋತ್ಸವ ನಡೆಯುವುದು ಇಲ್ಲಿಯೇ, ಮತ್ತು ಶಿವರಾಮ ಹೆಗಡೆಯವರ ಹೆಸರಿನಲ್ಲಿ ಪ್ರಶಸ್ತಿಯೂ ಇದೆ. ಯುವಜನರನ್ನು ಯಾಣಕ್ಕೆ ಕರೆದೊಯ್ಯುವ ಧರ್ಮಕೇಂದ್ರಗಳು ಹಿಂತಿರುಗುವಾಗ ಒಮ್ಮೆ ಕೆರೆಮನೆಯವರ ಆಟವನ್ನೂ ತೋರಿಸಲಿ. ರಂಗಸ್ಥಳದ ಹಿಂಬದಿಯಲ್ಲಿ ತಾಳ ಹಿಡಿದವರನ್ನು ನೋಡುವುದನ್ನು ಮಾತ್ರ ಮರೆಯದಿರಿ.