ರುದ್ರನಾಟಕದ ರಂಗಸಂಗೀತ: ಬಿ.ವಿ. ಕಾರಂತರ ಸಾಧನೆಯ ಒಂದು ನೆಲೆ

ಬಿ.ಎಂ. ಶ್ರೀಕಂಠಯ್ಯನವರು ಸೊಫೊಕ್ಲೀಸನ ‘ಅಜಾಕ್ಸ್’ ನಾಟಕವನ್ನು ‘ಅಶ್ವತ್ಥಾಮನ್’ ಆಗಿ ಕನ್ನಡಕ್ಕೆ ತಂದದ್ದು 1929ರಲ್ಲಿ. ಬಾಬುಕೋಡಿ ವೆಂಕಟರಮಣ ಕಾರಂತರು ಇಂದಿನ ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ ಜನಿಸಿದ್ದೂ ಅದೇ ವರ್ಷ. ಕನ್ನಡದಲ್ಲಿ ರುದ್ರನಾಟಕದ ಚರ್ಚೆ ಬಹುಮಟ್ಟಿಗೆ ಅನುವಾದ, ರೂಪಾಂತರ ಹಾಗೂ ಛಂದಸ್ಸಿನ ಸುತ್ತ ನಡೆದಿದೆ. ಅದು ರಂಗದ ಮೇಲೆ ಯಾವ ನಾದವನ್ನು ಬೇಡುತ್ತದೆ ಎಂಬ ಪ್ರಶ್ನೆಗೆ ಕಾರಂತರ ಬದುಕು ಒಂದು ಮುಖ್ಯ ಉತ್ತರವಾಗಿದೆ.

ಕರಾವಳಿಯ ಯಕ್ಷಗಾನದ ಪರಿಸರದಲ್ಲಿ ಬೆಳೆದ ಕಾರಂತರು ಎಳೆಯ ವಯಸ್ಸಿನಲ್ಲೇ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು ಸೇರಿದರು. ಮುಂದೆ ವೀರಣ್ಣನವರ ನೆರವಿನಿಂದಲೇ ಕಾಶಿಗೆ ತೆರಳಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಹಿಂದಿ ಎಂ.ಎ. ಪದವಿ ಪಡೆದರು, ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತವನ್ನು ಅಭ್ಯಾಸ ಮಾಡಿದರು. 1962ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ ಪದವೀಧರರಾದರು. ಯಕ್ಷಗಾನ, ಕಂಪನಿ ನಾಟಕ, ಶಾಸ್ತ್ರೀಯ ಸಂಗೀತ, ಆಧುನಿಕ ರಂಗಶಿಕ್ಷಣ ಎಂಬ ನಾಲ್ಕು ಧಾರೆಗಳು ಹೀಗೆ ಅವರಲ್ಲಿ ಕೂಡಿದವು.

ಇಲ್ಲಿ ಗಮನಿಸಬೇಕಾದ ಒಂದು ಇಕ್ಕಟ್ಟಿದೆ. ವೃತ್ತಿರಂಗಭೂಮಿಯಲ್ಲಿ ಹಾಡು ಸ್ವತಂತ್ರ ಆಕರ್ಷಣೆಯಾಗಿತ್ತು. ಪ್ರೇಕ್ಷಕರು ‘ಒನ್ಸ್ ಮೋರ್’ ಎಂದರೆ ಕಥೆ ನಿಂತು ಹಾಡು ಮರುಕಳಿಸುತ್ತಿತ್ತು. ಈ ರೂಢಿಗೆ ಪ್ರತಿಯಾಗಿ ಹವ್ಯಾಸಿ ರಂಗಭೂಮಿಯ ಒಂದು ಮುಖ್ಯ ಧಾರೆಯು ಮಾತನ್ನೇ ನೆಚ್ಚಿ ಸಂಗೀತವನ್ನು ದೂರವಿಟ್ಟಿತು. ರುದ್ರನಾಟಕಕ್ಕೆ ಈ ಎರಡು ದಾರಿಗಳೂ ಒಗ್ಗುವಂಥವಲ್ಲ. ಅದರ ಕ್ರಿಯೆ ಹಾಡಿಗಾಗಿ ನಿಲ್ಲಲಾರದು. ಮೇಳದ ದನಿಯಿಲ್ಲದೆ ಪೂರ್ಣಗೊಳ್ಳಲೂ ಆರದು.

ಪಿ. ಲಂಕೇಶರು ಅನುವಾದಿಸಿದ ‘ದೊರೆ ಈಡಿಪಸ್’ ನಾಟಕವನ್ನು ಕಾರಂತರು 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ನಿರ್ದೇಶಿಸಿದರು. ಗಿರೀಶ ಕಾರ್ನಾಡರು ದೊರೆಯ ಪಾತ್ರ ವಹಿಸಿದ್ದರು. ‘ಸಂಕ್ರಾಂತಿ’ ಮತ್ತು ‘ಜೋಕುಮಾರಸ್ವಾಮಿ’ ನಾಟಕಗಳೂ ಅದೇ ಸರಣಿಯಲ್ಲಿ ಬಯಲಿಗೆ ಬಂದವು. ಈಡಿಪಸನ ಕಥೆಯಲ್ಲಿ ಮೇಳವೆಂಬುದು ಅಲಂಕಾರವಲ್ಲ. ಅದು ಪಿಡುಗಿಗೆ ಸಿಕ್ಕಿ ನರಳುವ ಊರು. ಸತ್ಯ ತಿಳಿಯಲೆಂದು ಬೇಡುವುದೂ ಅದೇ, ತಿಳಿದ ಸತ್ಯಕ್ಕೆ ನಡುಗುವುದೂ ಅದೇ. ಜಾನಪದ ವಸ್ತುವಿನ ‘ಜೋಕುಮಾರಸ್ವಾಮಿ’ಯ ಹಾಡಿಗೂ ಈ ಆರ್ತತೆಗೂ ಬೇಕಾದ ನಾದ ಬೇರೆಯೆಂಬ ಎಚ್ಚರವನ್ನು ಆ ಸರಣಿಯೇ ಅನಿವಾರ್ಯಗೊಳಿಸಿತು ಎನ್ನಬಹುದು.

1977ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದ ಕಾರಂತರು, 1979ರಲ್ಲಿ ಅದರ ರೆಪರ್ಟರಿಗಾಗಿ ‘ಬರ್ನಂ ವನ’ವನ್ನು ರೂಪಿಸಿದರು. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ಗೆ ಹಿಂದಿ ಕವಿ ರಘುವೀರ ಸಹಾಯ್ ಮಾಡಿದ ಅನುವಾದ ಅದು. ಕಾರಂತರು ಅದಕ್ಕೆ ಆಯ್ದುಕೊಂಡದ್ದು ಬಾಲ್ಯದ ಯಕ್ಷಗಾನವನ್ನು. ಯಕ್ಷಗಾನದಲ್ಲಿ ಭಾಗವತನು ಕಥೆಯ ಹೊರಗಿದ್ದೇ ಮುಮ್ಮೇಳವನ್ನು ನಡೆಸುತ್ತಾನೆ. ವೇಷಧಾರಿಯ ಹೆಜ್ಜೆ ಹಿಮ್ಮೇಳದ ತಾಳಕ್ಕೆ ಬದ್ಧವಾಗಿರುತ್ತದೆ. ತನ್ನ ಇಚ್ಛೆಯಂತೆ ನಡೆಯುತ್ತಿದ್ದೇನೆಂದು ನಂಬಿದ ಮ್ಯಾಕ್‌ಬೆತ್ ಭವಿಷ್ಯವಾಣಿಯ ಹಿಡಿತದಲ್ಲಿಯೇ ಸಾಗುತ್ತಾನೆ. ಈ ದೃಷ್ಟಿಯಿಂದ ಆ ಆಯ್ಕೆಯು ಕೇವಲ ಶೈಲಿಯದಲ್ಲ, ಅರ್ಥದ ಆಯ್ಕೆಯೂ ಹೌದು.

ಕಾರಂತರ ಪಾಲಿಗೆ ರಂಗಸಂಗೀತವೆಂದರೆ ಹಾಡಷ್ಟೇ ಅಲ್ಲ. ಉಸಿರು, ಕೂಗು, ಮೌನ, ದಿನಬಳಕೆಯ ವಸ್ತುಗಳ ಸದ್ದು ಎಲ್ಲವೂ ಅದರ ಸಾಮಗ್ರಿ. ಅದು ಹೆಚ್ಚಾಗಿ ತಾಲೀಮಿನಲ್ಲಿ, ನಟರ ಕಂಠ ಮತ್ತು ಚಲನೆಯ ಜೊತೆಗೇ ಹುಟ್ಟುತ್ತಿತ್ತು. ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೆ ಅವರು ರಾಷ್ಟ್ರಪ್ರಶಸ್ತಿ ಪಡೆದರು. ಚಲನಚಿತ್ರದ ಸಂಗೀತ ಚಿತ್ರದೊಡನೆ ಉಳಿಯುತ್ತದೆ. ರಂಗಸಂಗೀತಕ್ಕೆ ಆ ಭಾಗ್ಯವಿಲ್ಲ. 1982ರಿಂದ ಭೋಪಾಲದ ಭಾರತ ಭವನದ ರಂಗಮಂಡಲ, 1989ರಿಂದ ಮೈಸೂರಿನ ರಂಗಾಯಣ ಇವುಗಳನ್ನು ಕಟ್ಟಿದ ಕಾರಂತರು ತಮ್ಮ ಸಂಗೀತವನ್ನು ಮುಖ್ಯವಾಗಿ ನಟರ ನೆನಪಿನಲ್ಲಿ ಬಿಟ್ಟುಹೋದರು.

2002ರ ಸೆಪ್ಟೆಂಬರ್ 1ರಂದು ಅವರು ನಿಧನರಾದರು. ನಾಟಕದ ಪಠ್ಯವನ್ನಷ್ಟೇ ಆಕರವೆಂದು ನಂಬುವ ಅಧ್ಯಯನಕ್ರಮಕ್ಕೆ ಕಾರಂತರ ಸಾಧನೆ ದಕ್ಕುವುದಿಲ್ಲ. ಅವರೊಡನೆ ಹಾಡಿದವರ ಕಂಠಗಳೇ ಇಲ್ಲಿನ ಹಸ್ತಪ್ರತಿಗಳು. ಓಲೆಗರಿಗಳಿಗಿಂತ ಬೇಗ ಸವೆದುಹೋಗುವ ಅವುಗಳ ಸಂಗ್ರಹಕ್ಕೆ ಕಾಲಾವಕಾಶ ಕಿರಿದಾಗುತ್ತಿದೆ.